ಜೋಡಿ ಟ್ರೇಲರ್ ಕಬ್ಬು ಎಳೆಯಲು ಹಳೆಯ ಟ್ರ್ಯಾಕ್ಟರ್: ನಾಲ್ಕೂವರೆ ಲಕ್ಷದೊಳಗೆ ಯಾವುದನ್ನು ಕೊಳ್ಳಬೇಕು?

ಅಥಣಿಯ ಕಬ್ಬಿಗ

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಅಥಣಿ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಂಡೆಗಿದೆ. ಮನೆಯವರೆಲ್ಲರದ್ದೂ ಸೇರಿ ಹನ್ನೊಂದು ಎಕರೆ ಕಬ್ಬು. ಇದುವರೆಗೆ ಸಾಗಾಣಿಕೆಗೆ ಬೇರೆಯವರ ಗಾಡಿಯ ದಾರಿ ಕಾಯುತ್ತಿದ್ದೆವು. ಹೋದ ಹಂಗಾಮಿನಲ್ಲಿ ಕಡಿದ ಕಬ್ಬು ಐದು ದಿನ ಹೊಲದಲ್ಲೇ ಬಿದ್ದು ಒಣಗಿ, ಕಾರ್ಖಾನೆಯ ಕಾಟಾದ (ತೂಕದ ಕಟ್ಟೆಯ) ಮೇಲೆ ಅದರ ತೂಕ ಎಷ್ಟು ಇಳಿದಿತ್ತೆಂಬುದನ್ನು ಕಣ್ಣಾರೆ ಕಂಡ ಮೇಲೆ, ನಮ್ಮದೇ ಒಂದು ಟ್ರ್ಯಾಕ್ಟರ್ ಇರಲಿ ಎಂದು ತೀರ್ಮಾನಿಸಿದ್ದೇವೆ. ನಾಲ್ಕು ಗಾಲಿಯ ಎರಡು ಟ್ರೇಲರ್‌ಗಳು ಕಾಕಾ ಅವರ ಬಳಿ ಇವೆ. ಹೊಸ ಟ್ರ್ಯಾಕ್ಟರ್ ಕೊಳ್ಳುವ ಶಕ್ತಿ ಈಗ ಇಲ್ಲ. ಕೈಯಲ್ಲಿರುವುದು ನಾಲ್ಕೂವರೆ ಲಕ್ಷ ರೂಪಾಯಿ.

ಮೂರು ಗಾಡಿಗಳನ್ನು ನೋಡಿ ಬಂದಿದ್ದೇನೆ. ಒಂದನೆಯದು 2013ರ 55 ಎಚ್‌ಪಿ (ಅಶ್ವಶಕ್ತಿ) ಗಾಡಿ, ಸಾಂಗ್ಲಿ ಕಡೆಯದು, ಕಬ್ಬು ಎಳೆದೇ ಹಳತಾದದ್ದು, 3.9 ಲಕ್ಷ ಕೇಳುತ್ತಿದ್ದಾರೆ. ಎರಡನೆಯದು ಜಮಖಂಡಿಯ ರೈತರೊಬ್ಬರ 2017ರ 45 ಎಚ್‌ಪಿ ಗಾಡಿ, ನೇಗಿಲು ಮತ್ತು ಮಣ್ಣು ಪುಡಿಮಾಡುವ ರೋಟಾವೇಟರ್ ಕೆಲಸವನ್ನಷ್ಟೇ ಮಾಡಿದ್ದು, 4.2 ಲಕ್ಷ. ಮೂರನೆಯದು 2015ರ 50 ಎಚ್‌ಪಿ ಗಾಡಿ, 4.6 ಲಕ್ಷ, ಈ ಬೆಲೆಯಲ್ಲಿ ನಲವತ್ತು ಸಾವಿರ ರೂಪಾಯಿಯ ಸ್ಪೀಕರ್‌ಗಳೂ ಸೇರಿವೆ ಎಂದು ಮಾಲೀಕರು ಬಹಳ ಅಭಿಮಾನದಿಂದ ಹೇಳಿದರು. ಕಂಪನಿಗಳ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದೊಡನೆ ಇಲ್ಲಿ ಕೆಂಪು, ನೀಲಿ, ಹಸಿರು ಬಣ್ಣಗಳ ಜಗಳ ಶುರುವಾಗುತ್ತದೆ.

ಕಾರ್ಖಾನೆ 24 ಕಿ.ಮೀ. ದೂರದಲ್ಲಿದೆ. ಮೊದಲ ಎರಡು ಕಿ.ಮೀ. ಎರೆಮಣ್ಣಿನ ದಾರಿ, ಅದು ಮುಗಿದೊಡನೆ ಕಾಲುವೆಯ ಸೇತುವೆಗೆ ಹತ್ತುವ ಒಂದು ಕಡಿದಾದ ಏರು, ಮುಂದೆ ಡಾಂಬರು. ಯಾವ ಗಾಡಿಯನ್ನು ಹಿಡಿಯಲಿ?

ಕಾಟಾ ಸಾಲಿನವನು

ನಾನು ಹದಿನಾರು ಹಂಗಾಮುಗಳಿಂದ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದೇನೆ. ತಮ್ಮಾ, ಜೋಡಿ ಡಬ್ಬಿ (ಟ್ರೇಲರ್) ಎಳೆಯುವುದಾದರೆ 55 ಎಚ್‌ಪಿಗಿಂತ ಕಡಿಮೆಯ ಗಾಡಿಯನ್ನು ಮುಟ್ಟಬೇಡ. ಸಣ್ಣ ಗಾಡಿ ಸಪಾಟು ದಾರಿಯಲ್ಲಿ ಎಳೆಯುತ್ತದೆ, ಏರಿನಲ್ಲಿ ಮಾನ ಕಳೆಯುತ್ತದೆ. ಒಂದನೆಯದನ್ನೇ ಹಿಡಿ, ಕಬ್ಬು ಎಳೆದು ಪಳಗಿದ ಗಾಡಿ ಅದು.

ಲೆಕ್ಕದ ಮೇಷ್ಟ್ರು

ಕಾಟಾ ಸಾಲಿನ ಅಣ್ಣನವರ ಅನುಭವದ ಬಗ್ಗೆ ಗೌರವವಿದೆ. ಆದರೆ ಏರಿನಲ್ಲಿ ಮೊದಲು ಸೋಲುವುದು ಎಂಜಿನ್ ಅಲ್ಲ, ಹಿಂದಿನ ಟೈರಿನ ಹಿಡಿತ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸಲು ಅನುಮತಿ ಕೊಡಿ.

ಒಂದೊಂದು ಟ್ರೇಲರ್‌ನ ಖಾಲಿ ತೂಕ ಎರಡು ಟನ್, ಅದರಲ್ಲಿ ಎಂಟು ಟನ್ ಕಬ್ಬು ಎಂದು ಹಿಡಿಯೋಣ. (ಎಂಟಕ್ಕೆ ನಿಲ್ಲಿಸುವವರು ಕಡಿಮೆ ಎಂಬುದು ನನಗೂ ಗೊತ್ತು.) ಎರಡೂ ಸೇರಿ 20 ಟನ್. ಸಪಾಟಾದ ಡಾಂಬರು ರಸ್ತೆಯಲ್ಲಿ ಗಾಲಿ ಉರುಳಿಸಲು ತೂಕದ ಶೇಕಡಾ ಎರಡರಷ್ಟು ಎಳೆತ ಬೇಕು, ಅಂದರೆ 400 ಕಿಲೋ. ಟ್ರ್ಯಾಕ್ಟರ್ ತನ್ನನ್ನು ತಾನು ಎಳೆದುಕೊಳ್ಳುವುದನ್ನೂ ಸೇರಿಸಿದರೆ ಸುಮಾರು 440 ಕಿಲೋ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಇಷ್ಟನ್ನು ಎಳೆಯಲು ಗಾಲಿಗೆ ತಲುಪಬೇಕಾದದ್ದು 32 ಎಚ್‌ಪಿ. ಇದನ್ನು 45 ಎಚ್‌ಪಿಯ ಗಾಡಿ ಆರಾಮವಾಗಿ ಕೊಡುತ್ತದೆ.

ಈಗ ಸೇತುವೆಯ ಏರಿಗೆ ಬನ್ನಿ. ಇಪ್ಪತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ದಾರಿ ಎಂದರೆ ಶೇಕಡಾ ಐದರ ಏರು. ಅಲ್ಲಿ 20 ಟನ್ನಿನ ಮೇಲೆ ಇನ್ನೂ ಒಂದು ಟನ್ ಎಳೆತ ಕೂಡಿಕೊಂಡು, ಟ್ರ್ಯಾಕ್ಟರ್‌ನದ್ದೂ ಸೇರಿ ಒಟ್ಟು ಒಂದೂವರೆ ಟನ್ನಿಗೆ ಮುಟ್ಟುತ್ತದೆ. ಟ್ರ್ಯಾಕ್ಟರ್‌ನ ತೂಕವೋ ಎರಡು ಕಾಲು ಟನ್ನಿನ ಆಸುಪಾಸು; ಅದರಲ್ಲಿ ಮೂರನೆಯ ಎರಡು ಭಾಗ ಹಿಂದಿನ ಗಾಲಿಗಳ ಮೇಲಿರುತ್ತದೆ. ಒಣ ಡಾಂಬರಿನ ಮೇಲೆ ಆ ಗಾಲಿಗಳು ಜಾರದೆ ಕೊಡಬಲ್ಲ ಎಳೆತ ಹೆಚ್ಚೆಂದರೆ ಒಂದು ಟನ್ನಿನ ಸುತ್ತಮುತ್ತ. ಅಂದಮೇಲೆ ಎಂಜಿನ್ 55 ಇರಲಿ, 75 ಇರಲಿ, ಗಾಲಿ ನಿಂತಲ್ಲೇ ತಿರುಗುತ್ತದೆ ಅಥವಾ ಮೂತಿ ಮೇಲೇಳುತ್ತದೆ. ಹಿಡಿತ ಇದೆ ಎಂದೇ ಇಟ್ಟುಕೊಂಡರೂ, 45 ಎಚ್‌ಪಿಯ ಗಾಡಿ ಆ ಏರನ್ನು ಗಂಟೆಗೆ ಏಳು ಕಿ.ಮೀ. ವೇಗದಲ್ಲಿ ಹತ್ತಿದರೆ 55ರದ್ದು ಎಂಟೂವರೆ ಕಿ.ಮೀ. ವೇಗದಲ್ಲಿ ಹತ್ತುತ್ತದೆ. ಹತ್ತು ಎಚ್‌ಪಿಗೆ ಕೊಟ್ಟ ಹಣಕ್ಕೆ ಏರಿನಲ್ಲಿ ಸಿಗುವುದು ಒಂದೂವರೆ ಕಿ.ಮೀ. ವೇಗ.

ಇನ್ನೊಂದು ಮಾತು. ಎರಡು ಗಾಲಿಯ ಟ್ರೇಲರ್ ತನ್ನ ಭಾರದ ಒಂದು ಪಾಲನ್ನು ಟ್ರ್ಯಾಕ್ಟರ್‌ನ ಹುಕ್ಕಿನ ಮೇಲೆ ಹಾಕುತ್ತದೆ, ಅದರಿಂದ ಹಿಂದಿನ ಗಾಲಿಗೆ ಹಿಡಿತ ಬರುತ್ತದೆ. ನಿಮ್ಮವು ನಾಲ್ಕು ಗಾಲಿಯವು. ತಮ್ಮ ಭಾರವನ್ನೆಲ್ಲ ತಾವೇ ಹೊತ್ತು, ಟ್ರ್ಯಾಕ್ಟರ್‌ಗೆ ಎಳೆಯುವ ಕೆಲಸವನ್ನು ಮಾತ್ರ ಬಿಡುತ್ತವೆ. ಆದುದರಿಂದ ನಿಮಗೆ ಬೇಕಾದದ್ದು ತೂಕದ ಗಾಡಿ. ಹಿಂದಿನ ಟೈರುಗಳಲ್ಲಿ ಮುಕ್ಕಾಲು ಪಾಲು ನೀರು ತುಂಬಿಸಿದರೆ, 14.9-28 ಅಳತೆಯ ಟೈರಾದರೆ, ಜೋಡಿಗೆ ಸುಮಾರು 400 ಕಿಲೋ ತೂಕ ಬಹುತೇಕ ಪುಕ್ಕಟೆಯಾಗಿ ಸಿಗುತ್ತದೆ. ಗಾಲಿಗೆ ಬಿಗಿಯುವ ಬೀಡುಕಬ್ಬಿಣದ ತೂಕಗಳು ಹಳೆಯ ಗಾಡಿಯ ಜೊತೆಗೇ ಬರುತ್ತವೆಯೇ ಎಂದು ಮಾಲೀಕರನ್ನು ಕೇಳಿ ನೋಡಿ.

ಕಾಟಾ ಸಾಲಿನವನು

ಮೇಷ್ಟ್ರೇ, ಲೆಕ್ಕ ಸರಿ ಇದೆ. ನಾವು ಏರಿನ ಬುಡದಲ್ಲಿ ಒಂದು ಡಬ್ಬಿ ಬಿಟ್ಟು, ಇನ್ನೊಂದನ್ನು ಮೇಲೇರಿಸಿ ನಿಲ್ಲಿಸಿ, ಮರಳಿ ಬಂದು ಮೊದಲಿನದನ್ನು ಒಯ್ಯುವುದು ಇದೇ ಕಾರಣಕ್ಕೆ ಇರಬೇಕು. ಆದರೂ 55ರ ಪರವಾಗಿ ಒಂದು ಮಾತು ಉಳಿಯುತ್ತದೆ. ಸಣ್ಣ ಎಂಜಿನ್ ದಿನವಿಡೀ ಮೈಮುರಿದು ದುಡಿಯುತ್ತದೆ, ದೊಡ್ಡದು ಉಸಿರು ಉಳಿಸಿಕೊಂಡು ದುಡಿಯುತ್ತದೆ. ಐದು ವರ್ಷದ ಮೇಲೆ ಯಾವುದರ ಎಂಜಿನ್ನನ್ನು ಮೊದಲು ಬಿಚ್ಚಿಸಿ ಬೋರ್ (ಸವೆದ ಸಿಲಿಂಡರಿನ ರಿಪೇರಿ) ಮಾಡಿಸಬೇಕಾಗುತ್ತದೆ ಎಂಬುದನ್ನು ಫಿಟ್ಟರ್ ಕಾಕಾ ಹೇಳಲಿ.

ಹಳೆಯ ಫಿಟ್ಟರ್

ನೀನು ಹೇಳಿದ್ದು ಹೊಸ ಗಾಡಿಗೆ ಸರಿ, ಹಳೆಯದಕ್ಕೆ ಅಲ್ಲ. ಹಳೆಯ ಗಾಡಿ ಕೊಳ್ಳುವವನು ಎಚ್‌ಪಿಯನ್ನಲ್ಲ, ಹಿಂದಿನ ಮಾಲೀಕನ ಕೆಲಸವನ್ನು ಕೊಳ್ಳುತ್ತಾನೆ. ಎಂಜಿನ್ ಕೆಟ್ಟರೆ ಲೈನರ್, ಪಿಸ್ಟನ್ ಹಾಕಿ ಹತ್ತು ದಿನದಲ್ಲಿ ಎಬ್ಬಿಸಬಹುದು. ಜೋಡಿ ಟ್ರೇಲರ್ ಎಳೆದು ಹಿಂಭಾಗ ದಣಿದ ಗಾಡಿಯನ್ನು ಎಬ್ಬಿಸುವುದು ಕಷ್ಟ. ಆದುದರಿಂದ ಗಾಡಿಯನ್ನು ಹಿಂದಿನಿಂದ ನೋಡಲು ಆರಂಭಿಸು.

ಮೊದಲು ಹುಕ್ಕಿನ ಬಳಿ ಕುಳಿತುಕೋ. ಪಿನ್ನು ಕೂರುವ ತೂತು ದುಂಡಗಿರಬೇಕು; ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದು ಬಹಳ ಭಾರ ಎಳೆದಿದೆ ಎಂದರ್ಥ. ಅಲ್ಲಿಂದ ಎಡಬಲಕ್ಕೆ ಆಕ್ಸೆಲ್ ಹೌಸಿಂಗ್ (ಹಿಂದಿನ ಅಚ್ಚಿನ ಕವಚ) ಮೇಲೆ ಕೈಯಾಡಿಸು. ಹೊಸ ಬಣ್ಣದ ಕೆಳಗೆ ವೆಲ್ಡಿಂಗಿನ ಗಂಟು ಕೈಗೆ ಹತ್ತಿದರೆ, ಮಾಲೀಕ ಚಹಾ ತರಿಸುವ ಮೊದಲೇ ಎದ್ದು ಬಾ. ಗಾಲಿಯ ಒಳಮಗ್ಗುಲಲ್ಲಿ ಎಣ್ಣೆ ಇಳಿದ ಗೆರೆ ಇದ್ದರೆ ಸೀಲು ಹೋಗಿದೆ. ಕೆಸರಿನಲ್ಲಿ ಮತ್ತು ದೂಳಿನಲ್ಲಿ ದುಡಿದ ಗಾಡಿಗಳಿಗೆ ಇದು ಸಾಮಾನ್ಯ, ಇದಕ್ಕೆ ಹೆದರಬೇಕಾಗಿಲ್ಲ, ಬೆಲೆ ಇಳಿಸಲು ಬಳಸಿಕೋ.

ಆಮೇಲೆ ಎಂಜಿನ್. ನೀನು ಹೋಗುವ ಹೊತ್ತಿಗೆ ಮಾಲೀಕ ಗಾಡಿಯನ್ನು ಬಿಸಿ ಮಾಡಿ ಇಟ್ಟಿದ್ದರೆ, ಮರುದಿನ ನಸುಕಿನಲ್ಲಿ ಹೇಳದೆ ಹೋಗು. ತಣ್ಣಗಿನ ಎಂಜಿನ್ ಮೊದಲ ಸುತ್ತಿಗೇ ಹಿಡಿಯಬೇಕು. ಚಾಲೂ ಆದ ಮೇಲೆ ಎಣ್ಣೆ ತುಂಬುವ ಮುಚ್ಚಳವನ್ನು ಬಿಚ್ಚಿ ಅಂಗೈ ಹಿಡಿ. ಹೊಗೆ ಭುಸುಗುಟ್ಟಿ ಅಂಗೈಯನ್ನು ತಳ್ಳಿದರೆ ಪಿಸ್ಟನ್ನಿನ ರಿಂಗು ಸವೆದಿವೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಭಾರವಿಲ್ಲದೆಯೇ ಕಪ್ಪು ಹೊಗೆ ಉಗುಳಿದರೆ ಡೀಸೆಲ್ ಪಂಪಿನ ಸೀಲು, ಅಂದರೆ ಕಂಪನಿಯ ಮೊಹರು, ಒಡೆದಿದೆಯೇ ನೋಡು. ನಮ್ಮ ಕಡೆ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ನಡೆಯುತ್ತದಲ್ಲ, ಅದಕ್ಕೆಂದು ಹೆಚ್ಚು ಡೀಸೆಲ್ ಹೋಗುವಂತೆ ಪಂಪು ಏರಿಸಿದ ಗಾಡಿಗಳು ಬೇಕಾದಷ್ಟಿವೆ. ಅಂಥ ಗಾಡಿ ಓಡಿಸಿ ನೋಡುವ ದಿನ ಹುಲಿಯಂತೆ ಗರ್ಜಿಸುತ್ತದೆ, ಆದರೆ ಅದರ ಕ್ರ್ಯಾಂಕು ಮತ್ತು ಗೇರುಗಳ ಆಯುಷ್ಯವನ್ನು ಯಾರೋ ಆಗಲೇ ತಿಂದು ಮುಗಿಸಿರುತ್ತಾರೆ.

ಗಂಟೆ ತೋರಿಸುವ ಮೀಟರನ್ನು ಪೂರ್ತಿ ನಂಬಬೇಡ. ಹಳೆಯ ಕೇಬಲ್ ಮೀಟರ್ ಎಂಜಿನ್ನಿನ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ಗಡಿಯಾರದ ಗಂಟೆಗಳನ್ನಲ್ಲ. ಕೇಬಲ್ ಬಿಚ್ಚಿಟ್ಟರೆ ಏನನ್ನೂ ಎಣಿಸುವುದಿಲ್ಲ. ಅದಕ್ಕಿಂತ ಕ್ಲಚ್ಚು ಮತ್ತು ಬ್ರೇಕಿನ ಪೆಡಲ್‌ಗಳ ಸವೆತ ಹೆಚ್ಚು ನಿಜ ಹೇಳುತ್ತದೆ. ಟೈರಿನ ಹಲ್ಲು ನಡುವೆ ಮಾತ್ರ ಸವೆದಿದ್ದರೆ ಗಾಡಿ ಡಾಂಬರಿನ ಮೇಲೆ ಓಡಿದೆ. ಗೇರ್ ಪರೀಕ್ಷೆಗೆ ಖಾಲಿ ಗಾಡಿ ಸಾಲದು. ತುಂಬಿದ ಟ್ರೇಲರ್ ಒಂದನ್ನು ಹಚ್ಚಿಸಿ ಏರು ಹತ್ತಿಸು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಡು. ಗೇರು ತಾನಾಗಿ ಹಾರಿ ಬಂದರೆ ಬೇಡ.

ಕೊನೆಗೆ ಬ್ರೇಕು. ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್ ಇರುವ ಗಾಡಿಯನ್ನೇ ನೋಡು. ಹಳೆಯ ಒಣ ಡಿಸ್ಕಿನವು ಕೆಸರು, ನೀರು ಹೊಕ್ಕರೆ ಒಂದು ಕಡೆಗೆ ಎಳೆಯುತ್ತವೆ. ರಸ್ತೆಗೆ ಬಂದೊಡನೆ ಎರಡೂ ಬ್ರೇಕ್ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಬೇಕು. ಆ ಕೊಂಡಿಯೇ ಕಳೆದುಹೋದ ಗಾಡಿಗಳನ್ನು ನಾನು ದಿನವೂ ನೋಡುತ್ತೇನೆ.

ಲೆಕ್ಕದ ಮೇಷ್ಟ್ರು

ಫಿಟ್ಟರ್ ಅವರ ಕೊನೆಯ ಮಾತಿಗೆ ಅಂಕಿಯೊಂದನ್ನು ಸೇರಿಸುತ್ತೇನೆ. ಅದೇ ಏರನ್ನು ಇಳಿಯುವಾಗ, ಗಾಲಿಗಳ ಉರುಳುವಿಕೆಯ ತಡೆಯನ್ನು ಕಳೆದರೂ, ಸುಮಾರು 650 ಕಿಲೋ ಬಲ ಟ್ರ್ಯಾಕ್ಟರನ್ನು ಹಿಂದಿನಿಂದ ಎಡೆಬಿಡದೆ ತಳ್ಳುತ್ತಿರುತ್ತದೆ. ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಇದನ್ನೆಲ್ಲ ಟ್ರ್ಯಾಕ್ಟರ್‌ನ ಎರಡೇ ಗಾಲಿಗಳು ತಡೆಯಬೇಕು. ಮಳೆ ಬಿದ್ದ ರಸ್ತೆಯಲ್ಲಿ ಆ ಗಾಲಿಗಳ ಒಟ್ಟು ಹಿಡಿತ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಯುತ್ತದೆ. ಆಗ ಗಾಲಿ ಬಿಗಿದು ನಿಂತರೂ ಗಾಡಿ ಜಾರುತ್ತದೆ, ಹಿಂದಿನ ಟ್ರೇಲರ್ ಪಕ್ಕಕ್ಕೆ ಬಂದು ಚಾಕುವಿನಂತೆ ಮಡಚಿಕೊಳ್ಳುತ್ತದೆ. ನಿಪ್ಪಾಣಿ ಹತ್ತಿರದ ತವಂದಿ ಘಾಟಿನಂಥ ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವ ಚಾಲಕರಿದ್ದಾರೆ. ಹತ್ತಲು ಯಾವ ಗೇರ್ ಬೇಕೋ ಅದೇ ಗೇರನ್ನು ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ಅರ್ಧ ಇಳಿದ ಮೇಲೆ ಕ್ಲಚ್ಚು ಒತ್ತಿದರೆ ಎಂಜಿನ್ನಿನ ತಡೆಯೂ ತಪ್ಪಿ ಗಾಡಿ ಕೈಬಿಡುತ್ತದೆ.

ಮಂಡ್ಯದ ಗದ್ದೆ

ನಮ್ಮ ಕಡೆ ನಾಲೆಯ ಏರಿಯ ಮೇಲಿನ ದಾರಿಗಳು ಕಿರಿದು, ಜೋಡಿ ಟ್ರೇಲರ್ ತಿರುಗುವುದಿಲ್ಲ. ಒಂದೇ ಟ್ರೇಲರ್‌ಗೆ 42 ಎಚ್‌ಪಿಯ ಮ್ಯಾಸ್ಸಿ 241 ಅಥವಾ ಅಂಥದ್ದೇ ಗಾಡಿ ಸಾಕಾಗುತ್ತದೆ. ಅಥಣಿಯ ಅಣ್ಣನವರ ಎರೆಮಣ್ಣಿನ ಎರಡು ಕಿ.ಮೀ. ಬಗ್ಗೆ ಯಾರೂ ಹೇಳಲಿಲ್ಲ. ಹಸಿ ಮಣ್ಣಿನಲ್ಲಿ ಗಾಲಿ ಹೂತಾಗ ಒಂದು ತುಂಬಿದ ಟ್ರೇಲರ್‌ಗೇ ಒಂದು ಟನ್ ಎಳೆತ ಬೇಕಾಗುತ್ತದೆ. ಹೊಲದಿಂದ ಒಂದೊಂದೇ ಹೊರತಂದು ರಸ್ತೆಯ ಬದಿಯಲ್ಲಿ ಜೋಡಿಸಿಕೊಳ್ಳಿ.

ಜಮಖಂಡಿ ವಕೀಲ

ಕಾಗದಪತ್ರದ ವಿಷಯವನ್ನು ಯಾರೂ ಎತ್ತದಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೇಲರ್ ಪ್ರತ್ಯೇಕ ವಾಹನ. ಟ್ರ್ಯಾಕ್ಟರ್‌ಗೆ ಒಂದು, ಪ್ರತಿ ಟ್ರೇಲರ್‌ಗೆ ಒಂದೊಂದು ನೋಂದಣಿ ಸಂಖ್ಯೆ ಇರಬೇಕು. ಕಾಕಾ ಅವರ ಟ್ರೇಲರ್‌ಗಳ ಆರ್‌ಸಿ (ನೋಂದಣಿ ಪತ್ರ) ಇದೆಯೇ, ವಿಮೆಯಲ್ಲಿ ಆ ಸಂಖ್ಯೆಗಳು ನಮೂದಾಗಿವೆಯೇ ಎಂಬುದನ್ನು ಇಂದೇ ನೋಡಿ. ಟ್ರ್ಯಾಕ್ಟರ್‌ಗೆ ಮಾತ್ರ ವಿಮೆ ಇದ್ದು ಟ್ರೇಲರ್ ತಗುಲಿ ಯಾರಾದರೂ ಗಾಯಗೊಂಡರೆ, ವಿಮಾ ಕಂಪನಿ ತಕರಾರು ತೆಗೆದು ಪರಿಹಾರದ ಹೊರೆ ಮಾಲೀಕನ ಮೇಲೆ ಬೀಳುವ ಅಪಾಯವಿದೆ. ಚಾಲನಾ ಪರವಾನಗಿಯ ಬಗ್ಗೆ ಭಯ ಬೇಡ: ಟ್ರ್ಯಾಕ್ಟರ್ ಓಡಿಸಲು ಪರವಾನಗಿ ಇರುವವನು ಅದಕ್ಕೆ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಪರವಾನಗಿ ಇಲ್ಲದವನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿದೆ, ಅದು ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆ. ಆದರೆ ಮಡ್‌ಗಾರ್ಡಿನ ಮೇಲೆ ಜನರನ್ನು ಕೂರಿಸಿಕೊಂಡು ಹೋಗಬೇಡಿ. ಟ್ರ್ಯಾಕ್ಟರ್‌ನಲ್ಲಿ ಇರುವುದು ಚಾಲಕನ ಆಸನವೊಂದೇ.

ಒಂದನೆಯ ಗಾಡಿ ಸಾಂಗ್ಲಿಯದೆಂದಿರಿ. ಮಹಾರಾಷ್ಟ್ರದ ಗಾಡಿಗೆ ಅಲ್ಲಿನ ಸಾರಿಗೆ ಕಚೇರಿಯಿಂದ ಫಾರ್ಮ್ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು, ಮುಂದೆ ಇಲ್ಲಿನ ಸಂಖ್ಯೆಯನ್ನೂ ಪಡೆಯಬೇಕು. ಬೆಲೆ ಕಡಿಮೆ ಎಂದು ಗಡಿಯಾಚೆ ಕೊಂಡವರು ಈ ಓಡಾಟದ ಖರ್ಚನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಯಾವ ಗಾಡಿಯಾದರೂ ಸಾಲದ ನಮೂದು ಇದ್ದರೆ, ಸಾಲ ತೀರಿದೆ ಎಂದು ಬ್ಯಾಂಕು ಸಹಿ ಮಾಡಿದ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ 29 ಮತ್ತು 30ನೇ ಫಾರ್ಮುಗಳು. ಕೊಂಡವರು 30 ದಿನದೊಳಗೆ ತಿಳಿಸಬೇಕು. ನೂರು ರೂಪಾಯಿಯ ಛಾಪಾ ಕಾಗದದ ಕರಾರು ಮಾಡಿಕೊಂಡು ವರ್ಷಗಟ್ಟಲೆ ಹಳೆಯ ಮಾಲೀಕನ ಹೆಸರಿನಲ್ಲೇ ಓಡಿಸುವುದು ನಮ್ಮ ಭಾಗದ ಹಳೆಯ ರೋಗ. ಸ್ವಂತ ಕಬ್ಬು ಮುಗಿದ ಮೇಲೆ ಬಾಡಿಗೆಗೆ ಓಡಿಸುವ ಯೋಚನೆ ಇದ್ದರೆ, ಕೃಷಿ ಬಳಕೆಯ ನೋಂದಣಿ ಮತ್ತು ವಿಮೆ ಅದಕ್ಕೆ ಸಾಲುವುದಿಲ್ಲ ಎಂಬುದನ್ನೂ ನೆನಪಿಡಿ.

ಚಿಕ್ಕೋಡಿ ಬಿಡಿಭಾಗ

ಬಣ್ಣದ ಜಗಳ ಬೇಡ ಎಂದಿದ್ದೀರಿ. ಅಂಗಡಿಯವನಾಗಿ ಎರಡೇ ಮಾತು ಹೇಳುತ್ತೇನೆ. ಮಹೀಂದ್ರಾ 575, ಸ್ವರಾಜ್ 855, ನ್ಯೂ ಹಾಲೆಂಡ್ 3630 ಇವುಗಳಲ್ಲಿ ಯಾವುದಾದರೂ ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೇ ದೊರೆಯುತ್ತದೆ, ಹಂಗಾಮಿನ ನಡುವೆ ಗಾಡಿ ನಿಂತಾಗ ಬೇಕಾಗುವುದು ಅದೇ. ಎಚ್‌ಎಂಟಿ 5911ರಂಥ ತೂಕದ ಗಾಡಿಯನ್ನು ಇಂದಿಗೂ ಹುಡುಕುವವರಿದ್ದಾರೆ, ಆದರೆ ಆ ಕಂಪನಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಿತು. ಇನ್ನು, 50 ಎಚ್‌ಪಿ ಮೀರಿದ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಗೆಯ ಹೊಸ ನಿಯಮ ಬಂದು ಡೀಸೆಲ್ ಸಿಂಪಡಿಸುವ ವ್ಯವಸ್ಥೆ ಎಲೆಕ್ಟ್ರಾನಿಕ್ ಆಗಿದೆ. ಅದಕ್ಕೂ ಮುಂಚಿನ ಗಾಡಿಗಳ ಪಂಪನ್ನು ನಮ್ಮ ಊರಿನಲ್ಲೇ ಬಿಚ್ಚಿ ಸರಿಮಾಡಬಹುದು. ನಿಮ್ಮ ಮೂರೂ ಹಳೆಯವು, ಆ ಚಿಂತೆ ಇಲ್ಲ.

ಮತ್ತೊಂದು: 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ, ಟ್ರ್ಯಾಕ್ಟರ್ ಟೈರಿನದು 18ರಿಂದ 5ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೂ ಹಳೆಯದಕ್ಕೆ ಹಿಂದಿನ ದರವನ್ನೇ ಕೇಳುವ ಮಾಲೀಕರಿದ್ದಾರೆ. ಚೌಕಾಶಿಗೆ ಕೂರುವ ಮೊದಲು ಅದೇ ಮಾದರಿಯ ಹೊಸ ಗಾಡಿಯ ದರ ತಿಳಿದುಕೊಂಡು ಹೋಗಿ.

ಅಥಣಿಯ ಕಬ್ಬಿಗ

ಎಲ್ಲರಿಗೂ ಧನ್ಯವಾದ. ಹೋದ ವಾರ ಕಾಕಾ ಅವರನ್ನೂ ಪರಿಚಯದ ಮೆಕ್ಯಾನಿಕ್ ಒಬ್ಬರನ್ನೂ ಕರೆದುಕೊಂಡು ಮೂರೂ ಗಾಡಿಗಳನ್ನು ಮತ್ತೊಮ್ಮೆ ನೋಡಿದೆವು. ಒಂದನೆಯದರ ಪಿನ್ನಿನ ತೂತು ಫಿಟ್ಟರ್ ಕಾಕಾ ಹೇಳಿದಂತೆಯೇ ಮೊಟ್ಟೆಯಾಗಿತ್ತು. ಎಡಗಡೆಯ ಹೌಸಿಂಗ್ ಕೆಳಗೆ ಬಣ್ಣ ಮಾತ್ರ ಹೊಸದು. ಚಹಾ ಕುಡಿಯಲಿಲ್ಲ. ಮೂರನೆಯದರ ಪಂಪಿನ ಸೀಲು ಒಡೆದಿತ್ತು. ಕೇಳಿದ್ದಕ್ಕೆ ಮಾಲೀಕರು, ಎರಡು ಜಾತ್ರೆಗಳಲ್ಲಿ ಬಹುಮಾನ ಗೆದ್ದ ಗಾಡಿ ಇದು ಎಂದು ತಾವಾಗಿಯೇ ಫೋಟೋ ತೋರಿಸಿದರು.

ಎರಡನೆಯದನ್ನು ನಸುಕಿನ ಐದೂವರೆಗೆ ಹೋಗಿ ನೋಡಿದೆವು. ಮೊದಲ ಸುತ್ತಿಗೇ ಹಿಡಿಯಿತು, ಅಂಗೈಗೆ ಹೊಗೆ ತಳ್ಳಲಿಲ್ಲ. ಬ್ರೇಕು ಎಣ್ಣೆಯದು. ಬಲಗಾಲಿಯ ಸೀಲು ಸೋರುತ್ತಿದೆ, ರೋಟಾವೇಟರ್ ದೂಳಿನ ಕೆಲಸ. ಅವರ ನೆರೆಯವರ ತುಂಬಿದ ಟ್ರೇಲರ್ ಹಚ್ಚಿ ಊರ ಹೊರಗಿನ ಏರು ಹತ್ತಿಸಿ ಇಳಿಸಿದೆವು, ಗೇರು ಹಾರಲಿಲ್ಲ. ಸೀಲಿನ ನೆಪ ಮತ್ತು ಹೊಸ ಗಾಡಿಯ ದರ ಎರಡನ್ನೂ ಮುಂದಿಟ್ಟಾಗ 3.95 ಲಕ್ಷಕ್ಕೆ ಒಪ್ಪಿದರು. ಸಾಲ ತೀರಿದೆ, ಫಾರ್ಮ್ 35 ಬರಲು ನಾಲ್ಕು ದಿನವಂತೆ. ಐವತ್ತು ಸಾವಿರ ಮುಂಗಡ ಕೊಟ್ಟು ಬಂದಿದ್ದೇವೆ. ಕಾಕಾ ಅವರ ಒಂದು ಟ್ರೇಲರ್‌ಗೆ ಆರ್‌ಸಿ ಇದೆ, ಇನ್ನೊಂದಕ್ಕೆ ಇಲ್ಲವೇ ಇಲ್ಲ ಎಂಬುದು ವಕೀಲರ ಬರಹ ಓದಿದ ಮೇಲೆ ಬಯಲಾಯಿತು. ಅದರ ನೋಂದಣಿ ಆಗುವವರೆಗೆ ಒಂದೇ ಟ್ರೇಲರ್ ಓಡಿಸುತ್ತೇವೆ. ಉಳಿದ ಹಣದಲ್ಲಿ ಸೀಲು, ಎಣ್ಣೆ, ಹಿಂದಿನ ಗಾಲಿಯ ತೂಕ ಮತ್ತು ಟ್ರೇಲರ್‌ನ ಹಿಂದೀಪ ಮಾಡಿಸಬೇಕು. ಟೈರಿಗೆ ನೀರನ್ನು ಈಗಲೇ ತುಂಬಿಸಲೇ, ಹಂಗಾಮು ಆರಂಭವಾದ ಮೇಲೆಯೇ?

ಹಳೆಯ ಫಿಟ್ಟರ್

ಮೊದಲು ಸೀಲು ಹಾಕಿಸು, ಗಾಲಿ ಬಿಚ್ಚಬೇಕಾಗುತ್ತದೆ. ನೀರು ತುಂಬಿದ ಗಾಲಿಯನ್ನು ಇಬ್ಬರು ಎತ್ತಲಾರರು. ಗೇರ್ ಎಣ್ಣೆ ಬದಲಿಸುವಾಗ ಹಳೆಯದನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ನೋಡು, ಲೋಹದ ಚೂರು ಕಂಡರೆ ಉಳಿದ ಹಣ ಕೊಡುವ ಮೊದಲು ನನಗೆ ತಿಳಿಸು.

ಕಾಟಾ ಸಾಲಿನವನು

ಹಿಂದೀಪದ ಜೊತೆಗೆ ಟ್ರೇಲರ್‌ನ ಮೂರೂ ಮಗ್ಗುಲಿಗೆ ರಿಫ್ಲೆಕ್ಟರ್ ಪಟ್ಟಿ ಹಚ್ಚಿಸು, ಕಬ್ಬಿನ ಸೋಗೆ ಅದರ ಮೇಲೆ ಜೋತು ಮುಚ್ಚದಂತೆ ಕೆಳಗೆ ಹಚ್ಚಿಸು. ರಾತ್ರಿ ಕಾಟಾ ಮುಂದೆ ಸಾಲು ಮೂರು ಕಿ.ಮೀ. ಬೆಳೆಯುತ್ತದೆ, ಹಿಂದಿನಿಂದ ಬರುವ ಬೈಕಿನವರಿಗೆ ನಿಂತ ಟ್ರೇಲರ್ ಕಾಣುವುದೇ ಇಲ್ಲ. ಗಾಲಿಗೆ ಒಡ್ಡಲು ಎರಡು ಕಟ್ಟಿಗೆ ತುಂಡು ಯಾವಾಗಲೂ ಸೀಟಿನ ಹಿಂದೆ ಇರಲಿ. 45 ಎಚ್‌ಪಿ ಬಗ್ಗೆ ನಾನು ಇನ್ನೂ ಒಪ್ಪಿಲ್ಲ. ಸಂಕ್ರಾಂತಿಯ ಹೊತ್ತಿಗೆ ಆ ಸೇತುವೆ ಏರಿನ ಸುದ್ದಿ ಬರೆ.